ಜಡೆಕುಚ್ಚಿಗೆ ಹಾರಿದ ಬೆಕ್ಕು

ಈ ಲೋಕದಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಸದ್ದು ಒಬ್ಬ ಮನುಷ್ಯನ ಚೀತ್ಕಾರ. ಆಗಿನ್ನೂ ನಾನು ಕಣ್ಣು ಬಿಟ್ಟಿರಲಿಲ್ಲ.

ನಾನೊಂದು ಬಿಳಿ ಬೆಕ್ಕು. ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲಾದ ಒಂದು ಹಾಸಿಗೆ ಅಂಗಡಿಯಲ್ಲಿ, ಹತ್ತಿಯ ಮೂಟೆಯೊಳಗೆ. ನನ್ನ ತಾಯಿ ಅದಕ್ಕಿಂತ ಮೆತ್ತನೆಯ ಜಾಗ ಊರಲ್ಲಿಲ್ಲವೆಂದು ಅಲ್ಲಿಗೆ ಹೋಗಿ ಹೆತ್ತಿದ್ದಳು. ಅಂಗಡಿಯ ಗೌಸ್ ಸಾಬರು ಹತ್ತಿ ಹಿಂಜುವ ಯಂತ್ರಕ್ಕೆ ಹಾಕಲೆಂದು ಮೂಟೆಗೆ ಕೈ ಹಾಕಿ ಒಂದು ಹಿಡಿ ಎತ್ತಿಕೊಂಡರು. ಆ ಹಿಡಿ "ಮಿಯ್" ಎಂದಿತು. ಸಾಬರು ಹೌಹಾರಿ ಕೂಗಿದ ಕೂಗಿಗೆ ಎದುರಿನ ಸೈಕಲ್ ಅಂಗಡಿಯವನು ಪಂಪು ಬಿಟ್ಟು ಓಡಿ ಬಂದನಂತೆ. ಇನ್ನೊಂದು ಗಳಿಗೆ ತಡವಾಗಿದ್ದರೆ ನಾನು ಯಾರದೋ ಮದುವೆಯ ಹಾಸಿಗೆಯಲ್ಲಿ ಸೇರಿಹೋಗುತ್ತಿದ್ದೆ.

ಹಳೆಯ ಹಾಸಿಗೆಯ ಹತ್ತಿ ಹಿಂಜಿಸಲು ದಾಕ್ಷಾಯಿಣಿ ತನ್ನ ಅಮ್ಮ ನೀಲಮ್ಮನ ಜೊತೆ ಅಲ್ಲಿಗೆ ಬಂದಾಗ ನಾನು ಓಡಾಡುವಷ್ಟು ದೊಡ್ಡದಾಗಿದ್ದೆ. ದಾಕ್ಷಿ ಆಗ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಸೊಂಟ ದಾಟುವ ಜಡೆ. ಅವಳು ಹತ್ತಿ ನೋಡಲು ಬಗ್ಗಿದಾಗ ಜಡೆ ನನ್ನ ಮುಂದೆ ಇಳಿಬಿತ್ತು. ನಾನು ಅದನ್ನು ಹಿಡಿದು ಜೋತುಬಿದ್ದೆ. ಅವಳು ಬೆಚ್ಚಿ ನೆಟ್ಟಗಾದಳು. ನಾನೂ ಜಡೆಯ ಜೊತೆ ಮೇಲೆದ್ದೆ.

"ಸಾಬ್ರೇ, ಇದು ಹತ್ತೀನೋ ಬೆಕ್ಕೋ?" ಎಂದು ಅವಳು ನಕ್ಕಳು.

"ನಂಗೂ ಇನ್ನೂ ಗೊತ್ತಾಗಿಲ್ಲಮ್ಮ. ಬೇಕಾದ್ರೆ ತಗೊಂಡೋಗಿ," ಎಂದರು ಸಾಬರು.

ಹಾಗೆ ನಾನು ಕೃಷ್ಣಮೂರ್ತಿಪುರದ ಒಂದು ಮಹಡಿ ಮನೆಗೆ ಬಂದೆ. ಹಿಂಜಿದ ಹತ್ತಿಯಂತೆ ಇದ್ದೆನಾದ್ದರಿಂದ ಅರಳೆ ಎಂದು ಹೆಸರಿಟ್ಟರು. ದಾಕ್ಷಿಯ ತಂದೆ ಶಿವನಂಜಪ್ಪನವರದು ಸಂತೇಪೇಟೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಮನೆಯ ಗೋಡೆಯ ಮೇಲೆ ಒಂದು ಪಟ ಕೂದಲೆಳೆಯಷ್ಟು ಓರೆಯಾದರೂ ಅವರಿಗೆ ಊಟ ಇಳಿಯುತ್ತಿರಲಿಲ್ಲ. ಬೆಳಗ್ಗೆ ವಿಭೂತಿ ಹಚ್ಚಿ, ಪಟಗಳನ್ನೆಲ್ಲ ನೇರ ಮಾಡಿ, ಆಮೇಲೆ ಚಪ್ಪಲಿ ಮೆಟ್ಟುವರು. ನಾನು ಅವರು ಹೋದ ಮೇಲೆ ಮೇಜಿನಿಂದ ಹಾರಿ ಒಂದನ್ನಾದರೂ ಓರೆ ಮಾಡುತ್ತಿದ್ದೆ.

ಮೊದಲ ವರ್ಷ ಸುಖವಾಗಿತ್ತು. ಎರಡನೆಯ ವರ್ಷ ನೆಲದ ಮೇಲೆ ಕೂದಲು ಕಾಣತೊಡಗಿತು. ಸುರುಳಿ ಸುರುಳಿಯಾಗಿ ಮೂಲೆಗೆ ಉರುಳಿ ಬರುತ್ತಿದ್ದ ಅವು ನನಗೆ ಒಳ್ಳೆಯ ಆಟದ ಸಾಮಾನಾದವು. ನೀಲಮ್ಮ ಪೊರಕೆ ಹಿಡಿದು ನನ್ನನ್ನು ಬೈದರು, "ಹಾಳಾದ್ದು, ಮನೆ ತುಂಬಾ ಕೂದ್ಲು ಉದುರಿಸ್ತದೆ." ಬೈದವರು ಪೊರಕೆಯ ತುದಿಗೆ ಸಿಕ್ಕಿದ್ದನ್ನು ಬೆಳಕಿಗೆ ಹಿಡಿದರು. ನಾನು ಬಿಳಿ. ಆ ಕೂದಲು ಕಪ್ಪು. ನೀಲಮ್ಮ ಅಲ್ಲೇ ನೆಲದ ಮೇಲೆ ಕುಸಿದು ಕೂತರು. ಒಂದು ಕೂದಲು ಕಂಡು ಇಷ್ಟು ದೊಡ್ಡ ಹೆಂಗಸು ಕೂತುಬಿಟ್ಟಿದ್ದು ನೋಡಿ ನನಗೇ ದಿಗಿಲಾಗಿ ಕುರ್ಚಿಯ ಕೆಳಗೆ ಸೇರಿದೆ.

ಕೆಲವೇ ತಿಂಗಳಲ್ಲಿ ದಾಕ್ಷಿಯ ತಲೆ ಬೋಳಾಯಿತು. ಹುಬ್ಬೂ ಹೋಯಿತು. ಪ್ರಾಣಕ್ಕೇನೂ ಭಯವಿಲ್ಲ, ಮೈಯೇ ಕೂದಲನ್ನು ಹಗೆ ಎಂದು ತಿಳಿದು ಹೊರಗೆ ಹಾಕುತ್ತಿದೆ, ಮತ್ತೆ ಬರಲೂಬಹುದು, ಬಾರದೆಯೂ ಇರಬಹುದು ಎಂದರಂತೆ ಡಾಕ್ಟರು. ನನಗೆ ಮಾತ್ರ ಅದರಿಂದ ಲಾಭವೇ ಆಯಿತು. ಅವಳು ಮಲಗಿದಾಗ ಆ ನುಣುಪಾದ, ಬೆಚ್ಚಗಿನ ದುಂಡು ತಲೆಯನ್ನು ಮರಿಯನ್ನು ನೆಕ್ಕುವ ಹಾಗೆ ನೆಕ್ಕುತ್ತಿದ್ದೆ. ಅವಳು ಬೇಡವೆನ್ನುತ್ತಿರಲಿಲ್ಲ. ಆ ಮನೆಯಲ್ಲಿ ಆ ತಲೆಯನ್ನು ನೇರವಾಗಿ ನೋಡುತ್ತಿದ್ದುದು ನಾನೊಬ್ಬನೇ.

ಅವಳು ಶಾಲೆ ಬಿಟ್ಟಳು. ಶಿವನಂಜಪ್ಪನವರು ವಿಗ್ ತಂದರು, ಕಿಟಕಿಗಳಿಗೆ ದಪ್ಪ ಪರದೆ ಹಾಕಿಸಿದರು. ಬಾಗಿಲು ಸದಾ ಮುಚ್ಚಿರತೊಡಗಿತು. ಅವಳು ಹೊರಗೆ ಹೋಗುವುದು ನಿಂತಂತೆ ನಾನು ಮಾಳಿಗೆಗೆ ಹೋಗುವುದೂ ನಿಂತಿತು. ಹೊತ್ತು ಹೋಗಲೆಂದು ಅವಳು ಸೀರೆಗಳಿಗೆ ಕುಚ್ಚು ಕಟ್ಟುವ ಕೆಲಸ ಹಿಡಿದಳು. ಗಿರಾಕಿಗಳೊಡನೆ ಮಾತಾಡುವುದು, ಸೀರೆ ತರುವುದು, ಕೊಡುವುದು ಎಲ್ಲ ನೀಲಮ್ಮನದೇ. ದಾಕ್ಷಿ ಒಳಕೋಣೆಯಲ್ಲಿ ಕೂತು ಬಣ್ಣಬಣ್ಣದ ರೇಷ್ಮೆ ದಾರ ಸುತ್ತುವಳು. ವಿಗ್ ಬೀರುವಿನ ಮೇಲೆ, ಬೋರಲು ಹಾಕಿದ ಸ್ಟೀಲ್ ಡಬ್ಬದ ಮೇಲೆ ಕೂತಿರುತ್ತಿತ್ತು. ಅದು ಇನ್ನೊಂದು ಬೆಕ್ಕೆಂದು ನಾನು ಬಹಳ ದಿನ ನಂಬಿದ್ದೆ. ಎಷ್ಟು ಗುರುಗುಟ್ಟಿದರೂ ಅದು ತಿರುಗಿ ನೋಡದಿದ್ದಾಗ ನನ್ನ ರೋಮವೆಲ್ಲ ನೆಟ್ಟಗಾಗುತ್ತಿತ್ತು.

ನಾನು ಬೆಳೆದು ದೊಡ್ಡ ಬೆಕ್ಕಾದೆ. ಕೈಕಾಲಿನಲ್ಲಿ ಕಸುವು ತುಂಬಿತು. ಆದರೆ ಹಾರಲು ಮರವಿಲ್ಲ, ಹಿಡಿಯಲು ಹಲ್ಲಿಯೂ ಇಲ್ಲ. ಮೇಜಿನ ಅಂಚಿನಲ್ಲಿದ್ದ ಲೋಟವನ್ನು ಒಂದು ದಿನ ಕಾಲಿನಿಂದ ಮೆಲ್ಲಗೆ ತಳ್ಳಿದೆ. ಅದು ಢಣ್ಣೆಂದು ಬಿತ್ತು. ಮನೆಯವರೆಲ್ಲ ಬೆಚ್ಚಿ ಓಡಿ ಬಂದರು. ಸತ್ತ ಹಾಗಿದ್ದ ಮನೆಗೆ ಜೀವ ಬಂದಂತಾಯಿತು. ಅಂದಿನಿಂದ ಲೋಟ ಕಂಡರೆ ತಳ್ಳುವುದೇ ಕೆಲಸವಾಯಿತು. ದಾಕ್ಷಿಯ ಮುಖ ನೋಡುತ್ತಲೇ ತಳ್ಳುತ್ತಿದ್ದೆ. ಅವಳ ದಾರದ ಉಂಡೆ ಕಚ್ಚಿಕೊಂಡು ನಡುಮನೆಯಿಂದ ಅಡುಗೆಮನೆಯವರೆಗೆ ಓಡಿ, ಕುರ್ಚಿಯ ಕಾಲುಗಳನ್ನೆಲ್ಲ ಒಂದಕ್ಕೊಂದು ಬಿಗಿದೆ. ಫೋನಿನ ಚಾರ್ಜರ್ ವೈರು ಅಗಿದೆ. ವಿಭೂತಿ ಡಬ್ಬಿ ಉರುಳಿಸಿ ಅದರಲ್ಲಿ ಹೊರಳಿದೆ. ಬಾಗಿಲ ಹಿಡಿಗೆ ಹಾರಿ ಜೋತುಬಿದ್ದರೆ ಬಾಗಿಲು ತೆರೆಯುತ್ತದೆ ಎಂಬುದನ್ನೂ ಕಲಿತೆ.

"ಮರೀಲಿ ಮಾಡಿದ್ರೆ ಸರಿ ಅನ್ನಬೋದು. ಕತ್ತೆ ವಯಸ್ಸಾದ್ಮೇಲೆ ಇದೇನ್ರೀ ಇದರ ಚೇಷ್ಟೆ!" ಎಂದು ನೀಲಮ್ಮ ಗಂಡನ ಮುಂದೆ ಗೋಳಾಡಿದರು.

ಯಾರದೋ ಧಾರೆ ಸೀರೆಯನ್ನು ಬಾಗಿಲಿಗೆ ನೇತುಹಾಕಿದ್ದಾಗ ನಾನು ಅದನ್ನು ಹತ್ತಿ ಮೇಲಿನವರೆಗೆ ಹೋದೆ. ಸೆರಗಿನ ಉದ್ದಕ್ಕೂ ಜರಿಯ ಎಳೆ ಎದ್ದು ಬಂತು. ದಾಕ್ಷಿ ಸೂಜಿ ಹಿಡಿದು ಒಂದೊಂದೇ ಎಳೆಯನ್ನು ಒಳಕ್ಕೆ ಎಳೆಯುತ್ತ ಕೂತಳು. ಮರುದಿನ ವಿಗ್ ಹಾಕಿ, ಅದರ ಮೇಲೆ ಸ್ಕಾರ್ಫ್ ಸುತ್ತಿ, ನನ್ನನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಆಟೋದಲ್ಲಿ ಪಶುವೈದ್ಯೆಯ ಹತ್ತಿರ ಒಯ್ದಳು.

ಆ ಡಾಕ್ಟರಮ್ಮ ನನ್ನ ಹಲ್ಲು, ಹೊಟ್ಟೆ, ಕಿವಿ ಎಲ್ಲ ನೋಡಿದರು.

"ಇದಕ್ಕೇನೂ ಕಾಯಿಲೆ ಇಲ್ಲಮ್ಮ. ಬೇಜಾರು, ಅಷ್ಟೆ."

"ಬೇಜಾರಾ?"

"ಹೂಂ. ವಯಸ್ಸಿದೆ, ಮೈಯಲ್ಲಿ ಶಕ್ತಿ ಇದೆ. ಇಡೀ ದಿನ ನಾಲ್ಕು ಗೋಡೆ ಮಧ್ಯ ಕೂರಿಸಿಟ್ರೆ ಇನ್ನೇನ್ಮಾಡುತ್ತೆ ಹೇಳಿ? ನೀವು ತಿರುಗಿ ನೋಡಲಿ ಅಂತಾನೇ ಬೀಳಿಸೋದು. ಕಿಟಕಿ ತೆಗೀರಿ. ಬಿಸಿಲು, ಬೀದಿ ಕಾಣ್ಲಿ. ದಿನಾ ಸ್ವಲ್ಪ ಹೊತ್ತು ಆಟ ಆಡ್ಸಿ. ಬೈದು ಪ್ರಯೋಜನ ಇಲ್ಲ."

ಹಿಂದಿರುಗುವಾಗ ದಾಕ್ಷಿ ಬುಟ್ಟಿಯನ್ನು ಎದೆಗೆ ಒತ್ತಿ ಹಿಡಿದಿದ್ದಳು, ನನ್ನ ಬಾಲ ನೋಯುವಷ್ಟು. ಮನೆಗೆ ಬಂದವಳೇ ಒಳಕೋಣೆಯ ಪರದೆಯನ್ನು ಸರ್ರನೆ ಸರಿಸಿದಳು. ಸಂಜೆ ಶಿವನಂಜಪ್ಪನವರು ಬಂದು ಅದನ್ನು ಮತ್ತೆ ಎಳೆದರು.

ಆಮೇಲೆ ನಂಜನಗೂಡಿನಿಂದ ಸಂಬಂಧ ಬಂತು. ಹುಡುಗ ನಾಗಭೂಷಣ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಫೋಟೋ ನೋಡಿ ಒಪ್ಪಿದ್ದಾರೆ, ಭಾನುವಾರ ಹೆಣ್ಣು ನೋಡಲು ಬರುತ್ತಾರೆ ಎಂದು ಶಿವನಂಜಪ್ಪನವರು ಹೇಳಿದಾಗ ದಾಕ್ಷಿ ದಾರ ಕೆಳಗಿಟ್ಟಳು.

"ಅದು ಹಳೇ ಫೋಟೋ ಅಪ್ಪ. ಮೊದ್ಲೇ ಹೇಳ್ಬಿಡಣ."

"ಬರ್ಲಿ, ನೋಡ್ಲಿ. ಮಾತು ಒಂದು ಹಂತಕ್ಕೆ ಬರ್ಲಿ. ಆಮೇಲೆ ನಾನೇ ಹೇಳ್ತೀನಿ."

"ಅವರು ಮೋಸ ಅಂತ ತಿಳ್ಕೊಂಡ್ರೆ?"

"ನಿನ್ನ ಅಪ್ಪ ಮೋಸ ಮಾಡೋನೇನಮ್ಮ?" ಎಂದರು ಅವರು. ಆ ದನಿ ಎಷ್ಟು ನೊಂದಿತ್ತೆಂದರೆ ಅವಳು ದಾರವನ್ನು ಮತ್ತೆ ಕೈಗೆತ್ತಿಕೊಂಡಳು.

ಹೊಸ ವಿಗ್ ಬಂತು. ಇದು ಹಳೆಯದರಂತೆ ಮೋಟಲ್ಲ, ಉದ್ದ ಜಡೆಯದು. ಭಾನುವಾರ ನೀಲಮ್ಮ ಅದಕ್ಕೆ ಮೊಗ್ಗಿನ ದಂಡೆ ಮುಡಿಸಿ, ತುದಿಗೆ ಕೆಂಪು ರೇಷ್ಮೆಯ ಜಡೆಕುಚ್ಚು ಕಟ್ಟಿದರು. ಹುಬ್ಬಿಗೆ ಪೆನ್ಸಿಲ್ ತೀಡಿದರು. ದೂರ ನಿಂತು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನನ್ನು ಎತ್ತಿ ಮಲಗುವ ಕೋಣೆಗೆ ಹಾಕಿ ಬಾಗಿಲು ಎಳೆದರು.

ಹೊರಗೆ ಚಪ್ಪಲಿ ಸದ್ದು, ಕಾಫಿ ಲೋಟಗಳ ಸದ್ದು, ಕೇಸರಿಬಾತಿನ ತುಪ್ಪದ ವಾಸನೆ. ಆ ಮನೆಗೆ ಜನ ಬಂದು ಎಷ್ಟು ಕಾಲವಾಗಿತ್ತು! ಒಳಗಿರಲು ನನ್ನಿಂದಾಗಲಿಲ್ಲ. ಹಿಡಿಗೆ ಹಾರಿದೆ. ಬಾಗಿಲು ತೆರೆಯಿತು.

ನಡುಮನೆಯಲ್ಲಿ ದಾಕ್ಷಿ ತಲೆ ತಗ್ಗಿಸಿ ಕುರ್ಚಿಯಲ್ಲಿ ಕೂತಿದ್ದಳು. ಎದುರಿನ ಸೋಫಾದಲ್ಲಿ ನಾಗಭೂಷಣ, ಅವನ ತಾಯಿ ಸರ್ವಮಂಗಳಮ್ಮ, ದಪ್ಪ ಮೀಸೆಯ ಸೋದರಮಾವ. ಕುರ್ಚಿಯ ಬೆನ್ನಿನ ಹಿಂದೆ ಜಡೆ ಇಳಿಬಿದ್ದಿತ್ತು. ಅವಳು ಯಾವುದೋ ಪ್ರಶ್ನೆಗೆ ತಲೆಯಾಡಿಸಿದಳು. ಕೆಂಪು ಕುಚ್ಚು ಆಚೆಗೊಮ್ಮೆ ಈಚೆಗೊಮ್ಮೆ ತೂಗಿತು.

ನಾನು ಹಾರಿದೆ.

ಕುಚ್ಚು ಉಗುರಿಗೆ ಸಿಕ್ಕಿತು. ಇಡೀ ಮೈಭಾರ ಬಿಟ್ಟು ಜೋತುಬಿದ್ದೆ. ಜಡೆ ನನ್ನನ್ನು ಎತ್ತುತ್ತದೆ ಎಂದುಕೊಂಡಿದ್ದೆ, ಎತ್ತಲಿಲ್ಲ. ಏನೋ ಪಟಪಟನೆ ಕಿತ್ತುಬಂದ ಸದ್ದಾಯಿತು. ನಾನು, ಜಡೆ, ಹೂವು, ತಲೆಯ ಕೂದಲೆಲ್ಲ ಒಟ್ಟಿಗೆ ನೆಲಕ್ಕೆ ಬಿದ್ದೆವು. ಆ ಕರಿಯ ರಾಶಿ ನನ್ನ ಮೈಮೇಲೆ ಮುಚ್ಚಿಕೊಂಡಾಗ ನಾನು ಭಯದಿಂದ ಅರಚಿ ಅದನ್ನು ಕಚ್ಚಿದೆ.

ತಲೆ ಹೊರಗೆ ಹಾಕಿ ನೋಡಿದರೆ ಯಾರೂ ಅಲುಗಾಡುತ್ತಿರಲಿಲ್ಲ. ಸೋದರಮಾವನ ಚಮಚ ಬಾಯಿಯ ಹತ್ತಿರ ನಿಂತಿತ್ತು. ನೀಲಮ್ಮ ಕಾಫಿ ತಟ್ಟೆ ಹಿಡಿದೇ ಗೋಡೆಗೆ ಒರಗಿದ್ದರು. ಶಿವನಂಜಪ್ಪನವರ ಮುಖ ಅವರ ಹಣೆಯ ವಿಭೂತಿಯಷ್ಟೇ ಬೆಳ್ಳಗಾಗಿತ್ತು. ದಾಕ್ಷಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಬಾಗಿ ಕೂತಿದ್ದಳು. ನಾನು ಎಷ್ಟೋ ಲೋಟ ಬೀಳಿಸಿದ್ದೆ. ಇಂಥ ನಿಶ್ಶಬ್ದ ಎಂದೂ ಕೇಳಿರಲಿಲ್ಲ.

"ಇದೇನ್ರೀ ಶಿವನಂಜಪ್ನೋರೆ!" ಎಂದರು ಸೋದರಮಾವ ಕೊನೆಗೆ. "ಇದೇನ್ ನಾಟಕ?"

ಸರ್ವಮಂಗಳಮ್ಮ ಅವರಿಗೆ ಸುಮ್ಮನಿರುವಂತೆ ಸನ್ನೆ ಮಾಡಿ, ನನ್ನ ಹತ್ತಿರ ಬಂದು ಕೂತರು. ನಾನು ಗುರ್ರೆಂದೆ. ಅವರು ಹೆದರಲಿಲ್ಲ. ನನ್ನ ಉಗುರುಗಳನ್ನು ಒಂದೊಂದಾಗಿ ಬಿಡಿಸಿ, ವಿಗ್ ಎತ್ತಿ, ಅಂಟಿದ್ದ ಹೂವಿನ ಎಸಳು ಕೊಡವಿ ದಾಕ್ಷಿಯ ತೊಡೆಯ ಮೇಲಿಟ್ಟರು.

"ನಮ್ಮನೇಲೂ ಹೆಣ್ಮಕ್ಕಳಿದಾರೆ. ಕೂದ್ಲಿಲ್ಲ ಅಂತ ಮನುಷ್ಯರನ್ನ ತಳ್ಳೋ ಜನ ಅಲ್ಲ ನಾವು," ಎಂದು ಶಿವನಂಜಪ್ಪನವರ ಕಡೆ ತಿರುಗಿದರು. "ಆದ್ರೆ ನೀವು ನಮ್ಮನ್ನ ಏನಂತ ತಿಳ್ಕೊಂಡ್ರಿ? ಒಂದ್ ಮಾತು ಹೇಳಕ್ಕೂ ಆಗದಷ್ಟು ಕೆಟ್ಟೋರು ಅಂತ್ಲಾ?"

ಶಿವನಂಜಪ್ಪನವರು ತಲೆ ತಗ್ಗಿಸಿದರು. ಬಂದವರು ಎದ್ದು ಹೊರಟರು. ನಾಗಭೂಷಣ ಮಾತ್ರ ಬಾಗಿಲಲ್ಲಿ ನಿಂತು ಏನೋ ಹೇಳುವವನಂತೆ ದಾಕ್ಷಿಯನ್ನು ನೋಡಿದ. ಆಮೇಲೆ ಬಗ್ಗಿ ಶೂ ಹಾಕಿಕೊಂಡ.

ದಾಕ್ಷಿ ನನ್ನನ್ನೆತ್ತಿ ನನ್ನ ಹೊಟ್ಟೆಯಲ್ಲಿ ಮುಖವಿಟ್ಟಳು. ಅವಳ ಬೆನ್ನು ಕುಲುಕುತ್ತಿತ್ತು. ಅಳುತ್ತಾಳೆಂದುಕೊಂಡೆ.

"ಎಲ್ಲಾ ಹಾಳಾಗೋಯ್ತು, ನಿಂಗೆ ನಗೂನಾ?" ಎಂದು ಶಿವನಂಜಪ್ಪನವರು ಗುಡುಗಿದರು.

"ನಗ್ತಿಲ್ಲ ಅಪ್ಪ. ಉಸಿರಾಡ್ತಿದೀನಿ."

ಮರುದಿನ ಬೆಳಗ್ಗೆ, ಅವಳು ಸ್ನಾನಕ್ಕೆ ಹೋಗಿದ್ದಾಗ, ಶಿವನಂಜಪ್ಪನವರು ನನ್ನನ್ನು ಗೋಣಿಚೀಲದಲ್ಲಿ ಹಾಕಿ ಬಾಯಿ ಕಟ್ಟಿದರು. ದಿನವೂ ಪಟ ನೇರ ಮಾಡುವ ಆ ಕೈಗಳು ಹಾಕಿದ ಗಂಟು ಓರೆಯಾಗಿತ್ತು.

ಚೀಲ ಬಿಚ್ಚಿದ್ದು ಸಂತೇಪೇಟೆಯ ಒಂದು ಬೆಲ್ಲದ ಮಂಡಿಯಲ್ಲಿ. ಯಜಮಾನ ಜವರಣ್ಣ ಶಿವನಂಜಪ್ಪನವರ ಹಳೆಯ ಪರಿಚಯ. "ನಿಮ್ಮಲ್ಲಿ ಇಲಿ ಕಾಟ ಅಂತಿದ್ರಲ್ಲ, ಇಟ್ಕೊಳಿ," ಎಂದು ಹೇಳಿ ಅವರು ತಿರುಗಿಯೂ ನೋಡದೆ ಹೋದರು. ಇಷ್ಟು ಆಕಾಶ, ಇಷ್ಟು ಸದ್ದು, ಇಷ್ಟು ಕಾಲುಗಳನ್ನು ನಾನು ಒಟ್ಟಿಗೆ ಕಂಡದ್ದೇ ಇಲ್ಲ. ಲಾರಿಯ ಹಾರನ್ನಿಗೆ ಎದೆ ಧಸಕ್ಕೆಂದು ಮೂಟೆಗಳ ಸಂದಿಗೆ ನುಗ್ಗಿದೆ. ಅಲ್ಲಿ ಒಂದು ಪ್ರಾಣಿ ಬೆಲ್ಲದ ಅಚ್ಚಿನ ಮೇಲೆ ಕೂತು ಮೀಸೆ ಒರೆಸಿಕೊಳ್ಳುತ್ತಿತ್ತು. ಅದು ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ಓಡಿದ್ದು ನಾನು.

"ಯಪ್ಪಾ, ಇದೇನ್ರಲಾ!" ಎಂದು ಜವರಣ್ಣ ಬಿದ್ದು ಬಿದ್ದು ನಕ್ಕರು. "ಇಲಿ ಕಂಡ್ರೆ ಬೆಕ್ಕೇ ಓಡೋಯ್ತದಲ್ಲ!"

ಮೂಟೆಗಳ ಮೇಲೆ ಮೂಟೆ ಹತ್ತಿ, ಸೂರಿನ ಕೆಳಗಿನ ತೊಲೆಗೆ ಏರಿ ಅಡಗಿದೆ. ಹಾಲಿಟ್ಟರು, ಇಳಿಯಲಿಲ್ಲ. ಕರೆದರು, ಇಳಿಯಲಿಲ್ಲ. ಬಿಳಿ ಮೈ ದೂಳು, ಬೆಲ್ಲದ ಜಿಗುಟು ಹತ್ತಿ ಕಂದಾಯಿತು. ಹಸಿವಿಗಿಂತ ಗಾಬರಿ ದೊಡ್ಡದಾಗಿತ್ತು. ನನ್ನದು ಎನ್ನುವ ಒಂದು ವಾಸನೆಯೂ ಅಲ್ಲಿರಲಿಲ್ಲ.

ಮನೆಯಲ್ಲಿ ದಾಕ್ಷಿ ನನಗಾಗಿ ಹಾಸಿಗೆ, ಬೀರು ಎಲ್ಲ ಎಳೆದು ಹುಡುಕಿ, ಅನ್ನ ಬಿಟ್ಟು ಕೂತಳಂತೆ. ಬಾಗಿಲು ತೆರೆದಿತ್ತು, ಓಡಿಹೋಯಿತು ಎಂದು ಶಿವನಂಜಪ್ಪನವರು ಹೇಳಿದ್ದರು. ಮಗಳ ಸಂಕಟ ನೋಡಲಾರದೆ ನೀಲಮ್ಮನೇ ನಿಜ ಹೇಳಿದರು. ಕೇಳಿದವಳು ವಿಗ್ ಹುಡುಕುವಷ್ಟೂ ತಾಳಲಿಲ್ಲ. ಕೈಗೆ ಸಿಕ್ಕಿದ ದುಪಟ್ಟಾ ತಲೆ, ಮುಖಕ್ಕೆಲ್ಲ ಸುತ್ತಿ ಮೆಟ್ಟಿಲಿಳಿದಳು.

ಎರಡನೆಯ ದಿನ, ಮಧ್ಯಾಹ್ನದ ಬಿಸಿಲು. ಮಂಡಿಯಲ್ಲಿ ಹಮಾಲರು ಮೂಟೆ ಇಳಿಸುತ್ತಿದ್ದರು. ಬಾಗಿಲಲ್ಲಿ ಒಂದು ಆಕೃತಿ ನಿಂತಿತು. ಕಣ್ಣೆರಡು ಬಿಟ್ಟು ಉಳಿದದ್ದೆಲ್ಲ ಬಟ್ಟೆ.

"ಅರಳೇ! ಅರಳೇ, ಬಾರೋ!"

ದನಿ ಬಟ್ಟೆಯೊಳಗೆ ಹೂತು ಬಂತು. ಮೇಲಾಗಿ ಲಾರಿಯ ಗುಡುಗು, ಹಮಾಲರ ಕೂಗು. ಹೆಸರು ನನ್ನದೇ ಎನಿಸಿತು, ಆದರೆ ಆ ಬಟ್ಟೆ ಸುತ್ತಿದ ತಲೆ ಯಾರದೆಂದು ತಿಳಿಯಲಿಲ್ಲ. ಇನ್ನೊಂದು ಚೀಲ ತಂದಿದ್ದಾರೆಂದು ತೊಲೆಯ ತುದಿಗೆ ಸರಿದೆ.

"ಹೆದ್ರಿಕೊಂಡದೆ ಕನವ್ವ," ಎಂದರು ಜವರಣ್ಣ. "ಯಾರ್ ಕರುದ್ರೂ ಬರಾಕಿಲ್ಲ."

ಅವಳು ಮೇಲೆ ನೋಡುತ್ತಲೇ ನಿಂತಳು. ಮೂಟೆ ಹೊತ್ತ ಗಂಡಸರನ್ನು ಒಮ್ಮೆ ನೋಡಿದಳು. ರಸ್ತೆಯಲ್ಲಿ ಹೋಗಿಬರುವವರನ್ನು ನೋಡಿದಳು. ಕೈ ಕತ್ತಿನ ಹತ್ತಿರ ಹೋಯಿತು, ಅಲ್ಲೇ ನಿಂತಿತು. ಆಮೇಲೆ ಒಂದೇ ಎಳೆತಕ್ಕೆ ದುಪಟ್ಟಾ ಕಳಚಿದಳು.

ನನ್ನ ತಲೆ! ದಿನವೂ ನೆಕ್ಕಿದ ಆ ದುಂಡು ತಲೆ ಬಿಸಿಲಿನಲ್ಲಿ ಹೊಳೆಯಿತು. ನಾನು ತೊಲೆಯಿಂದ ಮೂಟೆಗೆ, ಮೂಟೆಯಿಂದ ಮೂಟೆಗೆ, ಅಲ್ಲಿಂದ ಸೀದಾ ಅವಳ ಹೆಗಲಿಗೆ ಬಿದ್ದೆ. ಅವಳ ನೆತ್ತಿಗೆ ಮುಖ ಒತ್ತಿ ನೆಕ್ಕತೊಡಗಿದೆ. ಅವಳ ಬಿಸಿ ಕಣ್ಣೀರು ನನ್ನ ಕಾಲಿಗೆ ತಾಗಿತು.

ಮಂಡಿಯಲ್ಲಿ ಎಲ್ಲರೂ ಕಲ್ಲಾಗಿದ್ದರು. ಒಬ್ಬ ಹಮಾಲ ಬೆನ್ನ ಮೇಲಿನ ಮೂಟೆ ಇಳಿಸುವುದನ್ನೂ ಮರೆತು ಬಾಯಿ ತೆರೆದು ನಿಂತಿದ್ದ. ಜವರಣ್ಣ ಎದ್ದು ಬಂದು ದೂರದಿಂದಲೇ, "ಅವ್ವಾ, ಬಿಸ್ಲು. ತಲೆ ಮೇಲೆ ಬಟ್ಟೆ ಹಾಕ್ಕೊ," ಎಂದರು.

"ಇರ್ಲಿ ಅಣ್ಣ," ಎಂದಳು ದಾಕ್ಷಿ. ದುಪಟ್ಟಾದಲ್ಲಿ ನನ್ನನ್ನು ಸುತ್ತಿದಳು. ಅದಕ್ಕೇ ಅವಳ ತಲೆಗೆ ಏನೂ ಉಳಿಯಲಿಲ್ಲ.

ಮನೆಯ ಕಡೆ ಹೋಗುತ್ತಾಳೆಂದುಕೊಂಡೆ. ಅವಳು ಸಂತೇಪೇಟೆಯ ನಡುಬೀದಿ ಹಿಡಿದು ಅಪ್ಪನ ಅಂಗಡಿಗೆ ನಡೆದಳು. ಬಳೆ ಅಂಗಡಿಯವಳು ತಿರುಗಿದಳು. ಸ್ಕೂಟರಿನವನೊಬ್ಬ ಬ್ರೇಕ್ ಹಾಕಿದ. ಅವಳ ಎದೆ ನನ್ನ ಕಿವಿಯ ಕೆಳಗೆ ಡಬಡಬ ಬಡಿಯುತ್ತಿತ್ತು, ಆದರೆ ಹೆಜ್ಜೆ ನಿಲ್ಲಲಿಲ್ಲ.

ಶಿವನಂಜಪ್ಪನವರು ಗಾಜು ಕತ್ತರಿಸುತ್ತಿದ್ದರು. ಮುಂದೆ ಇಬ್ಬರು ಗಿರಾಕಿಗಳಿದ್ದರು. ತಲೆಯೆತ್ತಿ ನೋಡಿದವರ ಕೈಯಿಂದ ಗಾಜು ಜಾರಿ ಚೂರುಚೂರಾಯಿತು. ಒಮ್ಮೆ ಗಿರಾಕಿಗಳನ್ನು, ಒಮ್ಮೆ ಬೀದಿಯನ್ನು, ಒಮ್ಮೆ ಮಗಳನ್ನು ನೋಡಿದರು.

"ದಾಕ್ಷಿ... ತಲೆ..."

"ಸೆಕೆ ಅಪ್ಪ," ಎಂದಳು ಅವಳು. ಸ್ಟೂಲು ಎಳೆದುಕೊಂಡು ಕೂತಳು. "ತುಂಬಾ ಸೆಕೆ. ಮೂರ್ ವರ್ಷದಿಂದ."

ಬೈಯುತ್ತಾರೆ, ಮತ್ತೆ ಚೀಲ ಬರುತ್ತದೆ ಎಂದು ನಾನು ಅವಳ ತೋಳಿನೊಳಗೆ ಮುದುಡಿದೆ. ಅವರು ಗಾಜಿನ ಚೂರು ತುಳಿಯದ ಹಾಗೆ ಸುತ್ತಿಕೊಂಡು ಬಂದು, ತಮ್ಮ ಕಡೆಗಿದ್ದ ಟೇಬಲ್ ಫ್ಯಾನನ್ನು ಮಗಳ ಕಡೆ ತಿರುಗಿಸಿದರು. ಅದರ ಬೆನ್ನ ಮೇಲೆ ಕೈಯಿಟ್ಟು ಗೋಡೆಯ ಕಡೆ ಮುಖ ಮಾಡಿ ನಿಂತರು. ಗಿರಾಕಿಗಳು ಪಟ ಅಲ್ಲೇ ಬಿಟ್ಟು, ನಾಳೆ ಬರುತ್ತೇವೆಂದು ಹೊರಟರು.

ಅದಾದ ಮೇಲೆ ದಾಕ್ಷಿ ದಿನವೂ ಅಂಗಡಿಗೆ ಬರತೊಡಗಿದಳು, ನಾನೂ ಅವಳ ಜೊತೆ. ಅಂಗಡಿಯ ಒಂದು ಬದಿಯಲ್ಲಿ ಸೀರೆ ಕುಚ್ಚಿನ ಕೆಲಸ, ಇನ್ನೊಂದು ಬದಿಯಲ್ಲಿ ಪಟದ ಕೆಲಸ. ಕೂದಲು ಮತ್ತೆ ಬರಲಿಲ್ಲ. ಬೇಕೆನಿಸಿದ ದಿನ ವಿಗ್ ಹಾಕುತ್ತಾಳೆ, ಬೇಡದ ದಿನ ಇಲ್ಲ. ನಾಗಭೂಷಣ ತಿರುಗಿ ಬರಲಿಲ್ಲ, ಅವನಿಗೆ ಬೇರೆ ಕಡೆ ಮದುವೆಯಾಯಿತೆಂದು ನೀಲಮ್ಮ ಒಮ್ಮೆ ಹೇಳಿದರು. ದಾಕ್ಷಿ "ಹೌದಾ?" ಎಂದು ದಾರಕ್ಕೆ ಗಂಟು ಹಾಕಿದಳು. ಶಿವನಂಜಪ್ಪನವರಿಗೆ ಈಗ ಕಣ್ಣು ಮಂಜು. ಅಳತೆ, ಕತ್ತರಿಸುವುದು, ಗಿರಾಕಿಗಳ ಮಾತು ಎಲ್ಲ ಅವಳದೇ.

ನನಗೆ ವಯಸ್ಸಾಯಿತು. ಹಲ್ಲು ಬಿದ್ದಿವೆ, ಸೊಂಟ ಹಿಡಿದಿದೆ. ರಟ್ಟಿನ ಹಾಳೆಗಳ ಅಟ್ಟಿಯ ಮೇಲೆ, ಬೀದಿ ಕಾಣುವ ಮೂಲೆಯಲ್ಲಿ ಮಲಗಿ ಅಂಗಡಿಗೆ ಬರುವವರ ಮುಖ ನೋಡುವುದೇ ನನ್ನ ಕೆಲಸ. ಹೊಸಬರು ಬಂದರೆ ಎಲ್ಲರದೂ ಒಂದೇ ರೀತಿ. ದಾಕ್ಷಿಯ ತಲೆ ನೋಡುತ್ತಾರೆ, ಕಣ್ಣು ದೊಡ್ಡದಾಗುತ್ತದೆ, ಬಾಯಿ ತೆರೆದುಕೊಳ್ಳುತ್ತದೆ. ಈ ಮುಖಕ್ಕೆ ಹೆದರಿಯೇ ಅಲ್ಲವೇ ಒಂದು ಮನೆ ಅಷ್ಟು ವರ್ಷ ಕಿಟಕಿ ಮುಚ್ಚಿಕೊಂಡು ಕೂತದ್ದು! ಆ ಮುಖ ಎಷ್ಟು ಹೊತ್ತು ಹಾಗೇ ಇರುತ್ತದೆಂದು ಆ ಮನೆಯವರಲ್ಲಿ ಯಾರೂ ನಿಂತು ನೋಡಿರಲಿಲ್ಲ. ನಾನು ನೋಡಿದ್ದೇನೆ. ಬೆಕ್ಕು ಒಮ್ಮೆ ಆಕಳಿಸುವಷ್ಟು ಹೊತ್ತು.

ಇವತ್ತೂ ಒಬ್ಬರು ಬಂದಿದ್ದಾರೆ, ಕಂಕುಳಲ್ಲಿ ತಾಯಿಯ ಫೋಟೋ ಇಟ್ಟುಕೊಂಡು. ಬಾಗಿಲಲ್ಲೇ ಬೆಚ್ಚಿ ನಿಂತಿದ್ದಾರೆ.

"ಬನ್ನಿ," ಎನ್ನುತ್ತಾಳೆ ದಾಕ್ಷಿ, ಟೇಪು ಬಿಚ್ಚುತ್ತ. "ಕಟ್ಟು ಯಾವ ಬಣ್ಣದ್ದು ಹಾಕ್ಲಿ?"

ಅವರು ಬಾಯಿ ಮುಚ್ಚಿಕೊಂಡು, ಒಂದು ಕ್ಷಣ ಯೋಚಿಸಿ, ಕಂದು ಬಣ್ಣ ಎನ್ನುತ್ತಾರೆ.